ಹುಲ್ಲು ಮೆಷಿನ್ನಿನ ನೀಲಿ ಹೊಗೆ

ನಮ್ಮ ಕೊಡಗಿನ ಆಯುಧಪೂಜೆ ಕೈಲ್‌ಪೊಳ್ದ್ ಕಳೆದು ಎರಡು ದಿನ ಆಗಿತ್ತು. ಕೋವಿ, ಕತ್ತಿ, ಗುದ್ದಲಿಗೆ ಮುಡಿಸಿದ ಹೂ ಇನ್ನೂ ಪೂರ್ತಿ ಬಾಡಿರಲಿಲ್ಲ. ಈ ಸಲ ಅವ್ವ ಹುಲ್ಲು ಕತ್ತರಿಸುವ ಮೆಷಿನ್ನಿಗೂ ಗಂಧ ಹಚ್ಚಿ, ಹ್ಯಾಂಡಲಿಗೆ ಒಂದು ಚೆಂಡುಹೂ ಸಿಕ್ಕಿಸಿದ್ದರು. ಆ ಹೂವಿನ ಸಮೇತ ಅದನ್ನು ಶೆಡ್ಡಿನಿಂದ ಹೊರಗೆ ತಳ್ಳಿಕೊಂಡು ಬಂದು ಹಗ್ಗ ಎಳೆದೆ. ಒಂದು, ಎರಡು, ಮೂರು. ನಾಲ್ಕನೇ ಸಲಕ್ಕೆ ಹಿಡಿಯಿತು. ಮೂರು ತಿಂಗಳು ಮಳೆಯಲ್ಲಿ ಮಲಗಿದ್ದ ಮೆಷಿನ್ ನಾಲ್ಕೇ ಎಳೆತಕ್ಕೆ ಎದ್ದಿತಲ್ಲ ಅಂತ ಖುಷಿಯಾಯಿತು. ಆ ಖುಷಿ ಹತ್ತು ಸೆಕೆಂಡೂ ಉಳಿಯಲಿಲ್ಲ.

ಸೈಲೆನ್ಸರಿನಿಂದ ಹೊಗೆ ಬಂತು. ಸುಮ್ನೆ ಸ್ವಲ್ಪ ಹೊಗೆ ಅಲ್ಲ. ಅಂಗಳದ ಆ ಕಡೆಯಲ್ಲಿದ್ದ ಕಿತ್ತಳೆ ಮರ ಕಾಣದಷ್ಟು ಹೊಗೆ. ನಾಯಿ ಸೀನುತ್ತಾ ಮನೆ ಹಿಂದಕ್ಕೆ ಓಡಿತು. ಅಡುಗೆಮನೆ ಕಿಟಕಿಯಿಂದ ಅವ್ವ, "ಏನು ಸುಡ್ತಾ ಇದ್ದೀಯೋ ಅಲ್ಲಿ?" ಅಂತ ಕೂಗಿದರು. ನಾನು ಲಿವರ್ ಬಿಟ್ಟೆ. ಎಂಜಿನ್ ನಿಂತಿತು. ಹೊಗೆ ಮಾತ್ರ ಮಂಜಿನ ಹಾಗೆ ನೆಲಕ್ಕೆ ಅಂಟಿಕೊಂಡು ನಿಧಾನವಾಗಿ ಗದ್ದೆ ಕಡೆ ಇಳಿಯಿತು.

ಅದು ಬುಧವಾರ. ಶನಿವಾರ ಗೆಸ್ಟ್ ಬರುವವರಿದ್ದರು.

ಮೂರ್ನಾಡಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ಒಂದಷ್ಟು ಕಾಫಿ, ಅದರೊಳಗೆ ಮೆಣಸು, ಮೂರು ರೂಮಿನ ಹೋಂಸ್ಟೇ. ಮನೆ ಮುಂದೆ ಒಂದು ತುಂಡು ಲಾನ್. ನಿಜ ಹೇಳಬೇಕೆಂದರೆ ಲಾನ್ ನಮ್ಮ ಊರಿನ ಪದಾರ್ಥವೇ ಅಲ್ಲ. ಅಜ್ಜನ ಕಾಲದಲ್ಲಿ ಅದೇ ಜಾಗ ಕಣ. ಕೆಳಗೆ ಗದ್ದೆ, ಮೇಲೆ ಬಾಣೆ, ಅಂದರೆ ಗದ್ದೆಗೆ ಸೇರಿದ ಹುಲ್ಲು, ಮರದ ಜಾಗ. ಹುಲ್ಲು ಎಲ್ಲಿ ಬೆಳೆದರೂ ದನ ಮೇಯುತ್ತಿತ್ತು, ಅದನ್ನು ಪೆಟ್ರೋಲ್ ಹಾಕಿ ಕತ್ತರಿಸುವ ಪ್ರಶ್ನೆಯೇ ಇರಲಿಲ್ಲ. ಲಾನ್ ಕತ್ತರಿಸುವ ಮೆಷಿನ್ನನ್ನು 1830ರಲ್ಲಿ ಇಂಗ್ಲೆಂಡಿನಲ್ಲಿ ಎಡ್ವಿನ್ ಬಡ್ಡಿಂಗ್ ಅನ್ನುವವನು ಮಾಡಿದನಂತೆ. ಉಣ್ಣೆ ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳನ್ನು ಸಮ ಮಾಡುವ ಮಿಲ್ಲಿನ ಯಂತ್ರ ನೋಡಿ, ಹುಲ್ಲಿಗೂ ಹೀಗೇ ಮಾಡಬಹುದಲ್ಲ ಅಂತ ಅವನಿಗೆ ಹೊಳೆಯಿತು. ಬಟ್ಟೆಗೆ ಕ್ಷೌರ ಮಾಡುವ ಯಂತ್ರ ನೆಲಕ್ಕೆ ಕ್ಷೌರ ಮಾಡಿ, ಇನ್ನೂರು ವರ್ಷ ಆಗುವಷ್ಟರಲ್ಲಿ ಮೂರ್ನಾಡಿಗೂ ಬಂತು.

ಆದರೆ ನಾನು ಹುಲ್ಲು ಕತ್ತರಿಸುವುದು ಚೆಂದಕ್ಕಲ್ಲ. ಜಿಗಣೆಗೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮವರ ಲೆಕ್ಕದಲ್ಲಿ ನೂರಿಪ್ಪತ್ತು ಇಂಚು ಅನ್ನಿ. ಒದ್ದೆ ಹುಲ್ಲು ಪಾದ ಮುಚ್ಚುವಷ್ಟು ಬೆಳೆಯಿತೋ, ಅದರ ತುದಿಯಲ್ಲಿ ಜಿಗಣೆ ಎದ್ದು ನಿಂತು ಕಾಯುತ್ತಿರುತ್ತದೆ. ಬೆಂಗಳೂರಿನಿಂದ ಬಂದವರ ಮಗುವಿನ ಕಾಲಿಗೆ ಒಂದು ಹತ್ತಿತು ಅಂದರೆ ಆ ದಿನದ ಕಾಫಿ, ತಿಂಡಿ, ನೋಟ ಎಲ್ಲ ಮರೆತುಹೋಗುತ್ತದೆ. ಹಾಗಾಗಿ ಈ ಮೆಷಿನ್ ನಮಗೆ ಶೋಕಿ ಅಲ್ಲ.

ಹೊಗೆ ನೋಡಿದ ತಕ್ಷಣ ಪಕ್ಕದಲ್ಲಿದ್ದ ಹುಡುಗ ತೀರ್ಪು ಕೊಟ್ಟ. "ರಿಂಗ್ ಹೋಗಿದೆ ಅಣ್ಣ." ಅವನಿಗೆ ಇಪ್ಪತ್ತು ವರ್ಷ. ನಮ್ಮಲ್ಲಿ ತೋಟದ ಕೆಲಸಕ್ಕೆ, ಹೋಂಸ್ಟೇ ಕೆಲಸಕ್ಕೆ ಎಲ್ಲದಕ್ಕೂ ಇರುವವನು. ಬೈಕಿನ ಬಗ್ಗೆ ಎಲ್ಲ ಗೊತ್ತು ಅನ್ನುವ ಧೈರ್ಯ. ರಿಂಗ್ ಅಂದರೆ ಪಿಸ್ಟನ್ ರಿಂಗ್, ಆಯಿಲ್ ಮೇಲೆ ಹೋಗದ ಹಾಗೆ ಪಿಸ್ಟನ್ನಿಗೆ ತೊಡಿಸಿದ ಬಳೆ. ಎಂಜಿನ್ ಹೊಗೆ ಬಿಟ್ಟರೆ ನಮ್ಮ ಜನ ಮೊದಲು ಹೇಳುವುದು ಅದನ್ನೇ. ಅದು ತಪ್ಪಲ್ಲ. ಆದರೆ ರಿಂಗು ಕಡೆಯ ಸಂಶಯ ಆಗಬೇಕು, ಮೊದಲನೆಯದಲ್ಲ. ಇದು ನನಗೆ ಈಗ ಗೊತ್ತು. ಆಗ ನಾನೂ ಹೌದು ಅಂತಲೇ ತಲೆ ಆಡಿಸಿದೆ.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಸ್ಟಾರ್ಟ್ ಮಾಡಿ ಹೊಗೆಯನ್ನೇ ನೋಡುತ್ತಾ ನಿಂತೆ. ಹೊಗೆಗೆ ಬಣ್ಣ ಇದೆ, ವಾಸನೆ ಇದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಚೋಕ್ ತೆರೆದುಕೊಂಡಿಲ್ಲ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಕಾರ್ಬೊರೇಟರ್ ತುಂಬಿ ಹರಿಯುತ್ತಿದೆ. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಬಂದರೆ? ಇಲ್ಲೇ ಕಾರು ಓಡಿಸುವವರು ದಾರಿ ತಪ್ಪುವುದು. ಕಾರಿನಲ್ಲಿ ದಟ್ಟ ಬಿಳಿ ಹೊಗೆ ಬಂದರೆ ರೇಡಿಯೇಟರ್ ನೀರು ಎಂಜಿನ್ ಒಳಗೆ ಹೋಗುತ್ತಿದೆ ಅಂತ ಹೆದರುತ್ತೇವೆ. ಹುಲ್ಲು ಮೆಷಿನ್ನಿಗೆ ರೇಡಿಯೇಟರೇ ಇಲ್ಲ, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್. ಅದರಲ್ಲಿ ದಟ್ಟ ಬಿಳಿ ಹೊಗೆ ಬಂದರೂ ಹೆಚ್ಚಾಗಿ ಅದು ಆಯಿಲ್ಲೇ. ನನ್ನದು ಬಿಳಿಗೆ ನೀಲಿ ಬೆರೆತ ಬಣ್ಣ. ವಾಸನೆ ಸೀದ ಎಣ್ಣೆಯದು. ಅಲ್ಲಿಗೆ ಆಯಿಲ್ ಅನ್ನುವುದು ಖಾತ್ರಿ. ಎಲ್ಲಿಂದ ಬರುತ್ತಿದೆ ಅನ್ನುವುದು ಗೊತ್ತಿಲ್ಲ.

ಮೊದಲ ಸಂಶಯ ಪೆಟ್ರೋಲ್ ಕ್ಯಾನಿನ ಮೇಲೆ. ಕಾಫಿ ತೋಟ ಇರುವ ಮನೆಗಳಲ್ಲಿ ಇದು ದೊಡ್ಡ ಗಂಡಾಂತರ. ಶೆಡ್ಡಿನಲ್ಲಿ ಎರಡು ಕ್ಯಾನ್ ಇರುತ್ತವೆ. ಒಂದರಲ್ಲಿ ಬರೀ ಪೆಟ್ರೋಲ್. ಇನ್ನೊಂದರಲ್ಲಿ ಕಾಡು ಹೊಡೆಯುವ ಬ್ರಷ್ ಕಟರಿಗೆ ಅಂತ ಟೂ-ಟಿ ಆಯಿಲ್ ಬೆರೆಸಿದ್ದು. ಮೆಷಿನ್ ನೋಡಿಕೊಂಡು ಲೀಟರಿಗೆ 20 ಮಿಲಿಯೋ, 40 ಮಿಲಿಯೋ. ಬ್ರಷ್ ಕಟರ್ ಟೂ-ಸ್ಟ್ರೋಕ್. ಅದಕ್ಕೆ ಬೇರೆ ಆಯಿಲ್ ಟ್ಯಾಂಕ್ ಇಲ್ಲ, ಪೆಟ್ರೋಲಿನ ಜೊತೆಯಲ್ಲೇ ಆಯಿಲ್ ಸುಡಬೇಕು. ಅದು ಸ್ವಲ್ಪ ಹೊಗೆ ಬಿಟ್ಟರೆ ಯಾರೂ ಕೇಳುವುದಿಲ್ಲ. ವರ್ಷಪೂರ್ತಿ ಅದರ ಹೊಗೆ ಕುಡಿದು ಕುಡಿದು ನಮಗೆ ಎಂಜಿನ್ ಅಂದಮೇಲೆ ಹೊಗೆ ಇರಲೇಬೇಕು ಅನ್ನಿಸಿಬಿಟ್ಟಿದೆ. ಆದರೆ ಹುಲ್ಲು ಮೆಷಿನ್ನಿನದು ಫೋರ್-ಸ್ಟ್ರೋಕ್. ಅದರ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಕ್ಯಾನ್ ಅದಲುಬದಲಾದರೆ ಅದೂ ಹೊಗೆ ಬಿಡುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಟ್ಯಾಂಕಿನ ಪೆಟ್ರೋಲನ್ನು ಒಂದೆರಡು ಚಮಚ ಹಳೇ ಬಿಳಿ ತಟ್ಟೆಗೆ ಹಾಕಿ, ಒಲೆಯಿಂದ, ಬೀಡಿಯಿಂದ ದೂರ, ಹೊರಗೆ ನೆರಳಲ್ಲಿ ಇಟ್ಟೆ. ಬರೀ ಪೆಟ್ರೋಲಾದರೆ ಹಾರಿಹೋಗಿ ತಟ್ಟೆ ಹೆಚ್ಚುಕಮ್ಮಿ ಖಾಲಿ ಉಳಿಯುತ್ತದೆ. ಟೂ-ಟಿ ಬೆರೆತಿದ್ದರೆ ಬಣ್ಣದ ಜಿಡ್ಡು ಉಳಿಯುತ್ತದೆ. ನನ್ನ ತಟ್ಟೆಯಲ್ಲಿ ಜಿಡ್ಡು ಉಳಿಯಲಿಲ್ಲ. ಆದರೂ ಆ ಪೆಟ್ರೋಲನ್ನು ಪೂರ್ತಿ ತೆಗೆದು ಹೊಸದು ಹಾಕಿದೆ. ಮೇ ತಿಂಗಳದ್ದು ಅದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕಕ್ಕಡ ತಿಂಗಳ ಮಳೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಸ್ಟು ಹಿಡಿಯುವಾಗ ಪೆಟ್ರೋಲ್ ಟ್ಯಾಂಕ್ ಮಾತ್ರ ಒಣಗಿರುತ್ತದೆಯೇ? ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕಿತ್ತು. ನಾನು ಇಟ್ಟಿರಲಿಲ್ಲ. ಅದು ಬೇರೆ ಪಾಪ, ಈ ಹೊಗೆಗೆ ಸಂಬಂಧ ಇಲ್ಲ.

ಎರಡನೇ ಸಂಶಯ ಹುಡುಗನ ಮೇಲೆ.

ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿದಾಗ ಒಳಗಿನ ಪೇಪರ್ ಫಿಲ್ಟರ್ ಆಯಿಲಿನಲ್ಲಿ ನೆನೆದು, ಎಣ್ಣೆ ಬಜ್ಜಿ ಸುತ್ತಿದ ಪೇಪರಿನ ಹಾಗೆ ಆಗಿತ್ತು. ಗಾಳಿ ಬರುವ ದಾರಿಯಲ್ಲಿ ಆಯಿಲ್ ಯಾಕೆ ಇರಬೇಕು? ಇದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಉತ್ತರ ಇದೆ. ಮೆಷಿನ್ನನ್ನು ತಪ್ಪು ಬದಿಗೆ ಮಲಗಿಸಿದ್ದಾರೆ. ಅಡಿಯಲ್ಲಿ ಅಂಟಿದ ಹುಲ್ಲು ಕೆರೆಯುವುದಕ್ಕೆ, ಬ್ಲೇಡ್ ಮಸೆಯುವುದಕ್ಕೆ ಮಲಗಿಸಲೇಬೇಕಾಗುತ್ತದೆ. ಮಲಗಿಸುವಾಗ ಪೆಟ್ರೋಲ್ ತೆಗೆದು, ಪ್ಲಗ್ಗಿನ ವೈರ್ ಕಿತ್ತು, ಕಾರ್ಬೊರೇಟರ್ ಮತ್ತು ಏರ್ ಫಿಲ್ಟರ್ ಮೇಲೆ ಬರುವ ಹಾಗೆ ಮಲಗಿಸಬೇಕು. ಇಲ್ಲವೇ ಪ್ಲಗ್ ಆಕಾಶ ನೋಡುವ ಹಾಗೆ ಮುಂಭಾಗ ಎತ್ತಬೇಕು. ಉಲ್ಟಾ ಮಲಗಿಸಿದರೆ ಕೆಳಗಿನ ಆಯಿಲ್ ಎಲ್ಲ ಫಿಲ್ಟರಿಗೆ, ಸಿಲಿಂಡರಿಗೆ ಹರಿದು ಬರುತ್ತದೆ. ಪ್ಲಗ್ಗಿನ ವೈರ್ ಮಾತ್ರ ಮರೆಯಲೇಬಾರದು. ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೆ ಎಂಜಿನ್ನೂ ತಿರುಗುತ್ತದೆ. ಒಂದು ಕಿಡಿ ಸಾಕು, ಬೆರಳು ಹೋಗುವುದಕ್ಕೆ.

ಮೇ ಕೊನೆಯಲ್ಲಿ ಅಡಿಭಾಗ ಕೆರೆದು ಕ್ಲೀನ್ ಮಾಡಿದ್ದು ಈ ಹುಡುಗ.

"ಯಾವ ಬದಿಗೆ ಮಲಗಿಸಿದ್ದೆ?"

"ಫಿಲ್ಟರ್ ಮೇಲೆ ಮಾಡಿಯೇ ಅಣ್ಣ. ನೀವೇ ಹೇಳಿಕೊಟ್ಟಿದ್ರಲ್ಲ."

"ಸರಿಯಾಗಿ ನೆನಪು ಮಾಡ್ಕೋ."

"ನೆನಪಿದೆ ಅಣ್ಣ."

"ಮತ್ತೆ ಇದೇನು?" ಅಂತ ಆ ನೆನೆದ ಫಿಲ್ಟರನ್ನು ಅವನ ಮುಖದ ಮುಂದೆ ಹಿಡಿದೆ. ಅವನು ಏನೂ ಹೇಳಲಿಲ್ಲ. ಕೈ ಒರೆಸಿಕೊಂಡು ಮೆಣಸಿನ ಬಳ್ಳಿ ಕಟ್ಟುವ ಕೆಲಸಕ್ಕೆ ಹೋದ. ಸುಳ್ಳು ಹೇಳಿ ಸಿಕ್ಕಿಬಿದ್ದ ಅಂತ ನಾನು ಅಂದುಕೊಂಡೆ.

ಪ್ಲಗ್ ಬಿಚ್ಚಿದೆ. ಕಪ್ಪಗೆ, ಒದ್ದೆಯಾಗಿ, ಎಣ್ಣೆಯಲ್ಲಿ ಅದ್ದಿದ ಹಾಗಿತ್ತು. ತಂತಿ ಬ್ರಷ್ಷಿನಲ್ಲಿ ಉಜ್ಜಿದೆ. ಪ್ಲಗ್ಗಿನ ತೂತಿಗೆ ಬಟ್ಟೆ ಹಿಡಿದು ಏಳೆಂಟು ಸಲ ಹಗ್ಗ ಎಳೆದಾಗ ಸಿಲಿಂಡರಿನಲ್ಲಿದ್ದ ಆಯಿಲ್ ಬಟ್ಟೆಗೆ ಚಿಮ್ಮಿತು. ಹೊಸ ಫಿಲ್ಟರ್ ಹಾಕಿದೆ. ಸ್ಟಾರ್ಟ್ ಮಾಡಿದೆ. ಮತ್ತೆ ಅದೇ ಹೊಗೆ, ಆದರೆ ಐದು ನಿಮಿಷದಲ್ಲಿ ಕಮ್ಮಿಯಾಗುತ್ತಾ ಬಂತು. ಗೆದ್ದೆ ಅಂತ ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದು ಲಾನಿಗೆ ಇಳಿಸಿದೆ. ಎರಡು ಸಾಲು ಕತ್ತರಿಸುವಷ್ಟರಲ್ಲಿ ಹೊಗೆ ವಾಪಸ್ಸು ಬಂತು, ಮೊದಲಿಗಿಂತ ಜಾಸ್ತಿ.

ಈಗ ಯೋಚಿಸಿದರೆ ಉತ್ತರ ಅಲ್ಲೇ ಇತ್ತು. ಮಲಗಿಸಿದ್ದರಿಂದ ಒಳಗೆ ಹೋದ ಆಯಿಲ್ ಒಂದು ಸಲದ್ದು. ಹತ್ತು ನಿಮಿಷ ಸುಟ್ಟರೆ ಮುಗಿಯಿತು, ಮತ್ತೆ ಬರುವುದಕ್ಕೆ ದಾರಿ ಇಲ್ಲ. ಹೊಗೆ ನಿಂತು ಮತ್ತೆ ಬರುತ್ತಿದೆ ಅಂದರೆ ಆಯಿಲ್ ಎಲ್ಲಿಂದಲೋ ಈಗಲೂ ಬರುತ್ತಲೇ ಇದೆ. ಅಂದರೆ ಹುಡುಗ ಹೇಳಿದ್ದು ನಿಜ. ಇದು ನನಗೆ ಆಗ ಹೊಳೆಯಲಿಲ್ಲವೋ, ಹೊಳೆದರೂ ಬೇಡ ಅಂತ ತಳ್ಳಿದೆನೋ, ಈಗ ಹೇಳುವುದು ಕಷ್ಟ.

ಮರುದಿನ ಪೇಟೆಯ ಒಂದು ವರ್ಕ್‌ಶಾಪಿನಿಂದ ಒಬ್ಬರು ಬಂದರು. ಪ್ಲಗ್ಗಿನ ಜಾಗಕ್ಕೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ಹಗ್ಗ ಎಳೆದರು. ಮುಳ್ಳು 60ರ ಹತ್ತಿರ ನಿಂತಿತು. "ಸರ್, ಏನೂ ಉಳಿದಿಲ್ಲ. ಹಾಫ್ ಎಂಜಿನ್ ಮಾಡಬೇಕು. ರಿಂಗು, ಗ್ಯಾಸ್ಕೆಟ್ಟು, ಬೋರು ನೋಡಬೇಕು." ಹಾಫ್ ಎಂಜಿನ್ ಅನ್ನುವ ಮಾತು ಕೇಳಿದರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಬೈಕ್ ಇಟ್ಟುಕೊಂಡಿದ್ದ ಕಾಲದಿಂದಲೂ ಹಾಗೇ. ಸಾಮಾನು ಸಿಗುವುದಕ್ಕೆ ಹದಿನೈದು ದಿನ ಅಂದರು. ಸರಿ, ಯೋಚಿಸಿ ಹೇಳುತ್ತೇನೆ ಅಂದೆ.

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಪಂಪ್ ರಿಪೇರಿ ಕಾಕನ ಹತ್ರ ಒಂದು ಸಲ ತೋರಿಸಬಾರದಾ?" ಅಂದರು.

ವಿರಾಜಪೇಟೆ ರಸ್ತೆಯಲ್ಲಿ ಕಾಕನದ್ದು ಒಂದು ತಗಡಿನ ಶೆಡ್. ಹೆಸರಿನ ಬೋರ್ಡೂ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಗಿಡಕ್ಕೆ ನೀರು ಹಾರಿಸುವ ಪಂಪುಗಳೆಲ್ಲ ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಪಿಕಪ್ಪಿನಲ್ಲಿ ಮೆಷಿನ್ ಹಾಕಿ, ಹಿಡಿದುಕೊಳ್ಳುವುದಕ್ಕೆ ಹುಡುಗನನ್ನೂ ಹಿಂದೆ ಕೂರಿಸಿಕೊಂಡು ಹೋದೆ. ದಾರಿಯಲ್ಲಿ ಮಾತಿಲ್ಲ.

ಕಾಕ ಮೆಷಿನ್ ಇಳಿಸುವುದಕ್ಕೂ ಬಿಡಲಿಲ್ಲ. ಬಾಯಲ್ಲಿ ಎಲೆಅಡಿಕೆ, ಕೈ ಹಿಂದೆ ಕಟ್ಟಿಕೊಂಡು ಪಿಕಪ್ ಸುತ್ತ ಒಂದು ಸುತ್ತು ಬಂದರು.

"ಯಾವಾಗಿಂದ ಹೊಗೆ?"

"ಮೊನ್ನೆಯಿಂದ. ಮಳೆಗಾಲ ಕಳೆದು ಮೊದಲ ಸ್ಟಾರ್ಟ್."

"ಮೇ ತಿಂಗಳಲ್ಲಿ ಇತ್ತಾ?"

"ಇಲ್ಲ."

"ನಡುವೆ ಓಡಿದೆಯಾ?"

"ಇಲ್ಲ ಕಾಕ, ಶೆಡ್ಡಲ್ಲೇ ಇತ್ತು."

"ಶೆಡ್ಡಲ್ಲಿ ನಿಂತು ನಿಂತು ರಿಂಗ್ ಸವೆಯುತ್ತದಾ ಮೋನೇ?" ಅಂತ ನಕ್ಕರು. ಆಮೇಲೆ, "ಓಡಿದ್ದು ನಿಲ್ಲಿಸಿದ ಮೇಲೆ, ಮತ್ತೆ ಓಡಿಸುವ ಮೊದಲು, ಇದಕ್ಕೆ ಯಾರ ಕೈ ಬಿತ್ತು?" ಅಂದರು.

ನಾನು ಹುಡುಗನನ್ನು ತೋರಿಸಿದೆ. ಅಡಿ ಕ್ಲೀನ್ ಮಾಡಿದ್ದು ಅವನು. ಕಾಕ ಅವನ ಹತ್ತಿರ ಮಲಗಿಸಿ ತೋರಿಸು ಅಂದರು. ಅವನು ಪಿಕಪ್ಪಿನಲ್ಲೇ ಪ್ಲಗ್ ವೈರ್ ಕಿತ್ತು, ಫಿಲ್ಟರ್ ಮೇಲೆ ಬರುವ ಹಾಗೆ ಮೆಷಿನ್ ಮಲಗಿಸಿದ. ಯೋಚಿಸಲೂ ಇಲ್ಲ. ಕೈ ತಾನಾಗಿ ಹೋಯಿತು.

"ಇದು ಸರಿ ಇದೆ. ಮತ್ತೆ?"

"ಮತ್ತೆ ನಾನು ಆಯಿಲ್ ಚೇಂಜ್ ಮಾಡಿದೆ," ಅಂದೆ.

ಪ್ರತಿ ವರ್ಷ ಅಂಗಡಿಯಲ್ಲಿ ಮಾಡಿಸುತ್ತಿದ್ದೆ. ಈ ವರ್ಷ ಪಂಪಿನ ಆಯಿಲ್ ನಾನೇ ಬದಲಾಯಿಸಿ ಕಲಿತಿದ್ದೆನಲ್ಲ, ಇದನ್ನೂ ಮಾಡಿದರಾಯಿತು ಅಂತ ಮಾಡಿದ್ದೆ.

"ಎಷ್ಟು ಹಾಕಿದ್ರಿ?"

"ಆಯಿಲ್ ಅಳೆಯುವ ಕಡ್ಡಿ ನೋಡಿಕೊಂಡು ಹಾಕಿದೆ."

"ಲೀಟರ್ ಬಾಟಲಿ ತಾನೇ? ಎಷ್ಟು ಉಳಿಯಿತು?"

ನನಗೆ ನೆನಪಿರಲಿಲ್ಲ. ಹುಡುಗ ಹೇಳಿದ. "ತಳದಲ್ಲಿ ಸ್ವಲ್ಪವೇ ಇತ್ತು ಕಾಕ. ಗೇಟಿನ ಕೊಂಡಿಗೆ ನಾನು ಅದನ್ನೇ ಹಾಕಿದ್ದು."

ಕಾಕ ನನ್ನ ಕಡೆ ತಿರುಗಿದರು. ಮೆಷಿನ್ನನ್ನು ಸಮ ನೆಲದ ಮೇಲೆ ಇಳಿಸಿ, "ಕಡ್ಡಿ ಹೇಗೆ ನೋಡಿದ್ರಿ, ಒಂದು ಸಲ ಮಾಡಿ," ಅಂದರು. ನಾನು ಆಯಿಲ್ ಮುಚ್ಚಳ ತಿರುಗಿಸಿ ತೆಗೆದು, ಅದಕ್ಕೆ ಅಂಟಿಕೊಂಡಿರುವ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ, ಮತ್ತೆ ತೂತಿನೊಳಗೆ ಇಟ್ಟು, ತಿರುಗಿಸದೆ ಹೊರಗೆ ತೆಗೆದೆ. ಆಯಿಲ್ ಮೇಲಿನ ಗುರುತಿಗೆ ಸರಿಯಾಗಿ ಇತ್ತು. ನೋಡಿ, ಸರಿ ಇದೆಯಲ್ಲ ಅನ್ನುವ ಹಾಗೆ ಹಿಡಿದು ತೋರಿಸಿದೆ.

"ಈಗ ಪೂರ್ತಿ ತಿರುಗಿಸಿ ನೋಡಿ."

ಒರೆಸಿ, ಇಟ್ಟು, ಮುಚ್ಚಳ ಬಿಗಿಯಾಗುವವರೆಗೆ ತಿರುಗಿಸಿ, ಬಿಚ್ಚಿ ತೆಗೆದೆ. ಆಯಿಲ್ ಮೇಲಿನ ಗುರುತು ದಾಟಿ ಒಂದು ಬೆರಳಗಲ ಮೇಲಿತ್ತು.

ಇಷ್ಟೇ ವಿಷಯ. ನನ್ನ ಪಂಪಿನ ಎಂಜಿನ್ನಿನಲ್ಲಿ ಕಡ್ಡಿಯನ್ನು ತಿರುಗಿಸದೆ ಸುಮ್ನೆ ಇಟ್ಟು ನೋಡಬೇಕು, ಪುಸ್ತಕದಲ್ಲಿ ಹಾಗೇ ಬರೆದಿದೆ. ಈ ಮೆಷಿನ್ನಿನಲ್ಲಿ ಪೂರ್ತಿ ತಿರುಗಿಸಿ ನೋಡಬೇಕು. ಎರಡರ ಮುಚ್ಚಳವೂ ನೋಡುವುದಕ್ಕೆ ಒಂದೇ ತರಹ. ತಿರುಗಿಸಬೇಕಾದ ಕಡ್ಡಿಯನ್ನು ಸುಮ್ನೆ ಇಟ್ಟರೆ ಅದು ಮುಚ್ಚಳದ ತಿರುಪಿನ ಎತ್ತರದಷ್ಟು ಮೇಲೆ ನಿಲ್ಲುತ್ತದೆ. ತುದಿ ಆಯಿಲಿಗೆ ಅಷ್ಟು ಕಮ್ಮಿ ಮುಳುಗುತ್ತದೆ. ಆಯಿಲ್ ಸಾಲದು ಅಂತ ಕಡ್ಡಿ ಹೇಳುತ್ತದೆ, ನಾವು ಸುರಿಯುತ್ತಾ ಹೋಗುತ್ತೇವೆ. ಕಾಕ ಆಯಿಲನ್ನೆಲ್ಲ ಒಂದು ಗೆರೆ ಇರುವ ಡಬ್ಬಿಗೆ ಇಳಿಸಿದರು. 800 ಮಿಲಿಯ ಹತ್ತಿರ ಬಂತು. ಅದಕ್ಕೆ ಬೇಕಾದದ್ದು 550.

ಕಾಲು ಲೀಟರ್ ಜಾಸ್ತಿಯಾದರೆ ಇಷ್ಟೆಲ್ಲ ರಾದ್ಧಾಂತವೇ ಅಂತ ನಿಮಗೂ ಅನ್ನಿಸಬಹುದು. ನನಗೂ ಅನ್ನಿಸಿತು. ಕಾಕ ಒಂದು ಹಳೇ ಎಂಜಿನ್ನಿನ ಹೊಟ್ಟೆ ಬಿಚ್ಚಿ ತೋರಿಸಿದರು. ಬೈಕಿನಲ್ಲಿ ಸಾಮಾನ್ಯವಾಗಿ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ, ಆಯಿಲ್ ಕೆಳಗೆ ದೂರದಲ್ಲಿ ಇರುತ್ತದೆ. ಹುಲ್ಲು ಮೆಷಿನ್ನಿನಲ್ಲಿ ಬ್ಲೇಡ್ ನೆಲಕ್ಕೆ ಸಮವಾಗಿ ತಿರುಗಬೇಕು, ಹಾಗಾಗಿ ಎಂಜಿನ್ನಿನ ಶಾಫ್ಟ್ ನೆಟ್ಟಗೆ ನಿಂತಿರುತ್ತದೆ. ಶಾಫ್ಟ್ ನಿಂತ ಮೇಲೆ ಪಿಸ್ಟನ್ ಮಲಗಲೇಬೇಕು. ಮಲಗಿದ ಪಿಸ್ಟನ್ನಿನ ಬಾಗಿಲಿಗೇ ಆಯಿಲ್ ಬಂದು ನಿಂತ ಹಾಗೆ ಲೆಕ್ಕ. ಒಳಗೆ ಆಯಿಲ್ ಎರಚುವುದಕ್ಕೆ ಸಣ್ಣ ರೆಕ್ಕೆಗಳಿರುವ ಒಂದು ಚಕ್ರ ಇದೆ. ಆಯಿಲ್ ಸರಿಯಾಗಿದ್ದರೆ ಅದು ಬೇಕಾದಷ್ಟು ಚಿಮುಕಿಸುತ್ತದೆ. ಜಾಸ್ತಿಯಾದರೆ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ. ಅಷ್ಟು ಆಯಿಲನ್ನು ರಿಂಗುಗಳಿಗೆ ಕೆರೆದು ಕೆಳಗೆ ಹಾಕುವುದಕ್ಕೆ ಆಗುವುದಿಲ್ಲ. ಉಳಿದದ್ದು ಸುಡುತ್ತದೆ.

ನೊರೆ ಇನ್ನೊಂದು ದಾರಿಯಲ್ಲೂ ಹೋಗುತ್ತದೆ. ಎಂಜಿನ್ ಹೊಟ್ಟೆಯೊಳಗಿನ ಗಾಳಿ ಹೊರಗೆ ಬರುವುದಕ್ಕೆ ಬ್ರೀದರ್ ಅಂತ ಒಂದು ಕಿಂಡಿ ಇದೆ. ಅದರ ಟ್ಯೂಬ್ ಬಂದು ಸೇರುವುದು ಏರ್ ಫಿಲ್ಟರಿನ ಹತ್ತಿರ. ನನ್ನ ಫಿಲ್ಟರ್ ನೆನೆದದ್ದು ಮಲಗಿಸಿದ್ದರಿಂದ ಅಲ್ಲ, ಇಲ್ಲಿಂದ.

ನಾನು ಅಷ್ಟಕ್ಕೇ ಬಿಡಲಿಲ್ಲ. 60 ತೋರಿಸಿತಲ್ಲ ಗೇಜು, ಅದು? ಕಾಕ ಹೇಳಿದರು, ಈ ಸಣ್ಣ ಎಂಜಿನ್ನುಗಳಲ್ಲಿ ಹಗ್ಗ ಎಳೆಯುವವರ ಕೈ ಮುರಿಯಬಾರದು ಅಂತ ಒಂದು ಏರ್ಪಾಡು ಇರುತ್ತದೆ. ಎಂಜಿನ್ ನಿಧಾನ ತಿರುಗುವಾಗ ಸೈಲೆನ್ಸರ್ ಕಡೆಯ ವಾಲ್ವನ್ನು ಕೂದಲೆಳೆಯಷ್ಟು ತೆರೆದು ಹಿಡಿಯುತ್ತದೆ. ವೇಗ ಹಿಡಿದ ಮೇಲೆ ಬಿಡುತ್ತದೆ. ಹಗ್ಗ ಎಳೆದು ಕಂಪ್ರೆಷನ್ ಅಳೆದರೆ ಒಳ್ಳೇ ಎಂಜಿನ್ನೂ ಕಮ್ಮಿಯೇ ತೋರಿಸುತ್ತದೆ. ಪೇಟೆಯವರು ಬೇಕಂತ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಕಾರಿನ ಕಣ್ಣಿನಲ್ಲಿ ಹುಲ್ಲು ಮೆಷಿನ್ ನೋಡಿದರು, ಅಷ್ಟೇ. ಪಂಪಿನ ಕಣ್ಣಿನಲ್ಲಿ ನಾನು ನೋಡಿರಲಿಲ್ಲವೇ?

ಆದರೂ ನನ್ನ ಮುಖದಲ್ಲಿ ಸಂಶಯ ಕಂಡಿರಬೇಕು. ಕಾಕ ಬ್ಲೇಡ್ ಬಿಚ್ಚಿಟ್ಟು, ಮೇಜಿನ ಡ್ರಾಯರಿನಿಂದ ಒಂದು ವಿಚಿತ್ರ ಸಾಮಾನು ತೆಗೆದರು. ಹಳೇ ಸ್ಪಾರ್ಕ್ ಪ್ಲಗ್ಗಿನ ಒಳಗಿನ ಪಿಂಗಾಣಿ ಒಡೆದು ತೆಗೆದು, ಅದರ ತಲೆಗೆ ಬೈಕ್ ಟ್ಯೂಬಿನ ವಾಲ್ವ್ ಬೆಸುಗೆ ಹಾಕಿದ್ದರು. ಇದನ್ನು ಪ್ಲಗ್ಗಿನ ಜಾಗಕ್ಕೆ ತಿರುಗಿಸಿದರು. ಪಿಸ್ಟನ್ನನ್ನು ಎರಡೂ ವಾಲ್ವ್ ಮುಚ್ಚಿರುವ ತುದಿಗೆ ತಂದು, ಶಾಫ್ಟ್ ತಿರುಗದ ಹಾಗೆ ಹಿಡಿಸಿ, ಕಂಪ್ರೆಸರಿನಿಂದ ಸ್ವಲ್ಪ ಗಾಳಿ ಬಿಟ್ಟರು. ಆಮೇಲೆ ಕಿವಿ ಕೊಟ್ಟರು. ಸೈಲೆನ್ಸರಿನಲ್ಲಿ ಬುಸ್ ಅಂದರೆ ಆ ಕಡೆಯ ವಾಲ್ವ್ ಹೋಗಿದೆ. ಕಾರ್ಬೊರೇಟರಿನಲ್ಲಿ ಬುಸ್ ಅಂದರೆ ಈ ಕಡೆಯ ವಾಲ್ವ್. ಆಯಿಲ್ ಹಾಕುವ ತೂತಿನಲ್ಲಿ ಜೋರಾಗಿ ಬಂದರೆ ರಿಂಗು, ಇಲ್ಲವೇ ಒಳಗಿನ ಬದಿಗೆ ಒಡೆದ ಹೆಡ್ ಗ್ಯಾಸ್ಕೆಟ್. ಹೆಡ್ಡಿನ ಸುತ್ತ ಸೋಪು ನೀರು ಹಚ್ಚಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಹೊರಗಡೆಗೆ ಒಡೆದಿದೆ. ನನ್ನದರಲ್ಲಿ ಆಯಿಲ್ ತೂತಿನಿಂದ ಸಣ್ಣಗೆ ಒಂದು ಉಸಿರು ಬಂತು. "ಇಷ್ಟು ಎಲ್ಲದರಲ್ಲೂ ಇರ್ತದೆ. ನನ್ನ ಎದೆಯಲ್ಲೂ ಇದೆ," ಅಂದರು ಕಾಕ.

ನಿಜವಾಗಿ ರಿಂಗು ಸವೆದರೆ ಹೊಗೆ ದಿಢೀರ್ ಅಂತ ಬರುವುದಿಲ್ಲವಂತೆ. ವಾರದಿಂದ ವಾರಕ್ಕೆ ಜಾಸ್ತಿಯಾಗುತ್ತದೆ, ದಟ್ಟ ಹುಲ್ಲಿಗೆ ನುಗ್ಗಿ ಭಾರ ಬಿದ್ದಾಗ ಜಾಸ್ತಿ ಕಾಣುತ್ತದೆ, ಆಯಿಲ್ ಆಗಾಗ ಇಳಿಯುತ್ತಿರುತ್ತದೆ. ವಾಲ್ವಿನ ಗೈಡ್ ಸವೆದರೆ ರಾತ್ರಿ ನಿಲ್ಲಿಸಿದ ಮೆಷಿನ್ ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಬುಗ್ಗೆ ಹೊಗೆ ಬಿಟ್ಟು ಸುಮ್ಮನಾಗುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದು ಇವತ್ತು ಊರೆಲ್ಲ ಹೊಗೆ ಅಂದರೆ ಮೊದಲು ಆಯಿಲ್ ನೋಡಿ, ಆಮೇಲೆ ಮಿಕ್ಕಿದ್ದು. ಕಾಕ ಇದನ್ನೆಲ್ಲ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಹೇಳಿದ್ದರಿಂದ ಅರ್ಧ ನನಗೆ ಕೇಳಲಿಲ್ಲ. ಹುಡುಗ ಮಾತ್ರ ಬಾಗಿ ನಿಂತು ಎಲ್ಲ ಕೇಳಿಸಿಕೊಂಡ.

ಬ್ರೀದರಿನ ಮುಚ್ಚಳ ಬಿಚ್ಚಿದಾಗ ಒಳಗಿನ ತೆಳ್ಳನೆ ಪಟ್ಟಿ ಜಿಡ್ಡಿನಲ್ಲಿ ಅಂಟಿಕೊಂಡಿತ್ತು. ಗಾಳಿಯನ್ನು ಹೊರಗೆ ಬಿಟ್ಟು, ಒಳಗೆ ಬಿಡದ ಪಟ್ಟಿ ಅದು. ತೊಳೆದು, ಒಣಗಿಸಿ, ಹೊಸ ಪೇಪರ್ ಗ್ಯಾಸ್ಕೆಟ್ ಕತ್ತರಿಸಿ ಹಾಕಿದರು. ಹೊಸ ಆಯಿಲ್ ಅಳೆದು 550 ಮಿಲಿ. ಕಡ್ಡಿ ತಿರುಗಿಸಿ ನೋಡುವ ಕೆಲಸ ಹುಡುಗನಿಗೆ ಕೊಟ್ಟರು. ಬ್ಲೇಡ್ ವಾಪಸ್ಸು ಹಾಕಿ, ಹಗ್ಗ ಎಳೆದಾಗ ಮತ್ತೆ ಹೊಗೆ.

ನನ್ನ ಎದೆ ಇಳಿಯಿತು. ಕಾಕ ನನ್ನ ಕಡೆ ನೋಡಲೂ ಇಲ್ಲ, ಬೀಡಿ ಸೇದುವುದಕ್ಕೆ ರಸ್ತೆ ಆಚೆ ಹೋದರು. ಸೈಲೆನ್ಸರಿನೊಳಗೆ ಮೂರು ದಿನದಿಂದ ಆಯಿಲ್ ಕೂತಿದೆ. ಅದು ಬಿಸಿಯಾಗಿ ಸುಟ್ಟು ಮುಗಿಯಬೇಕಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಬೀಡಿ ಮುಗಿಸಿ ಅವರು ವಾಪಸ್ಸು ಬರುವಾಗ ಮೆಷಿನ್ ಓಡುತ್ತಿತ್ತು, ಹೊಗೆ ಇರಲಿಲ್ಲ. ಸೈಲೆನ್ಸರಿನ ಮುಂದೆ ಗಾಳಿ ಬಿಸಿಲಿಗೆ ನಡುಗುವ ಹಾಗೆ ನಡುಗುತ್ತಿತ್ತು, ಅಷ್ಟೇ. ಕಾಕ ತೆಗೆದುಕೊಂಡದ್ದು ಮುನ್ನೂರು ರೂಪಾಯಿ. ಆಯಿಲ್ ಸೇರಿ.

ವಾಪಸ್ಸು ಬರುವಾಗ ಹುಡುಗನನ್ನು ಮುಂದೆ ಕೂರಿಸಿಕೊಂಡೆ. ತಪ್ಪಾಯಿತು ಅನ್ನುವ ಮಾತು ಬಾಯಿವರೆಗೆ ಬಂದು ಬಂದು ವಾಪಸ್ಸು ಹೋಗುತ್ತಿತ್ತು. ನಮ್ಮ ಕಡೆ ಕೆಲಸದವರ ಹತ್ತಿರ ಯಜಮಾನ ಆ ಮಾತು ಆಡುವುದು ನಾನು ಚಿಕ್ಕವನಿದ್ದಾಗಿಂದ ನೋಡಿಲ್ಲ. ನಮ್ಮ ಮನೆಯಲ್ಲೂ ನೋಡಿಲ್ಲ. ಮೂರ್ನಾಡು ಪೇಟೆ ಹತ್ತಿರ ಬಂದಾಗ ಗಾಡಿ ನಿಲ್ಲಿಸಿ ಹೇಳಿದೆ. "ನಿನ್ನ ಮೇಲೆ ಸುಮ್ನೆ ರೇಗಿದೆ. ತಪ್ಪು ನನ್ನದು." ಅವನು ಕಿಟಕಿ ಆಚೆ ನೋಡುತ್ತಾ, "ಪರವಾಗಿಲ್ಲ ಅಣ್ಣ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಾನೂ ರಿಂಗ್ ಅಂದೆನಲ್ಲ," ಅಂದ. ಇಬ್ಬರೂ ನಕ್ಕೆವು. ಎರಡು ಪ್ಲೇಟ್ ಪರೋಟ ತಿಂದೆವು. ಬಿಲ್ ಅವನು ಕೊಡಲು ಹೋದ, ನಾನು ಬಿಡಲಿಲ್ಲ.

ಮನೆಗೆ ಬಂದು ಅವನೇ ಗೇಟಿನ ಕೆಂಪು ಪೇಂಟ್ ತೆಗೆದ. ಹುಲ್ಲು ಮೆಷಿನ್ನಿನ ಆಯಿಲ್ ಮುಚ್ಚಳದ ಪಕ್ಕ "ತಿರುಗಿಸಿ ನೋಡಿ" ಅಂತ ಬರೆದ. ಪಂಪಿನ ಮೇಲೆ "ತಿರುಗಿಸಬಾರದು" ಅಂತ ಬರೆದ. ಅಕ್ಷರ ಸ್ವಲ್ಪ ಓರೆ, ಆದರೆ ದೂರದಿಂದಲೂ ಕಾಣುತ್ತದೆ. ಬ್ರಷ್ ಕಟರಿನ ಕ್ಯಾನಿಗೂ ಒಂದು ಕೆಂಪು ಪಟ್ಟಿ ಬಳಿದ.

ಶನಿವಾರ ಬೆಳಿಗ್ಗೆ ಬಿಸಿಲಿತ್ತು. ಅವನು ಕತ್ತರಿಸುವುದಕ್ಕೆ ಶುರು ಮಾಡಿದ. ಅರ್ಧ ಲಾನ್ ಮುಗಿಯುವಾಗ ತಡಿಯಂಡಮೋಳ್ ಬೆಟ್ಟದ ಕಡೆಯಿಂದ ಮೋಡ ಬಂತು. ಐದು ನಿಮಿಷದಲ್ಲಿ ಮಳೆ. ಮೆಷಿನ್ನನ್ನು ಶೆಡ್ಡಿಗೆ ತಳ್ಳಿದೆವು. ಗೆಸ್ಟ್ ಬರುವಾಗ ಲಾನ್ ಅರ್ಧ ಕ್ಷೌರ ಮಾಡಿಸಿಕೊಂಡು ಎದ್ದು ಬಂದವನ ತಲೆಯ ಹಾಗಿತ್ತು. ಅವರ ಚಿಕ್ಕ ಮಗಳು ಕಾರಿಂದ ಇಳಿದವಳೇ ಕತ್ತರಿಸಿದ ಕಡೆ ಬಿಟ್ಟು ಉದ್ದ ಹುಲ್ಲಿನ ಕಡೆಗೇ ಓಡಿದಳು. ಅವ್ವ ಒಳಗಿಂದ ಉಪ್ಪಿನ ಡಬ್ಬಿ ಹಿಡಿದುಕೊಂಡು ಬಂದರು.